ಗುಡಿಸಿದ ಮರಳದಿಬ್ಬ

ನಾಸಿರ್, ಹೀರೋ ಬರುವ ಗುಟ್ಟನ್ನು ಹೊರಗೆ ಬಿಟ್ಟವನು ನಾನು. ನೀನಲ್ಲ. ಶ್ರೀರಂಗಪಟ್ಟಣದ ಹೊಳೆದಂಡೆಯಲ್ಲಿ, ನನ್ನ ತಿಂಡಿ ಹೋಟೆಲಿನ ಗಲ್ಲಾದಲ್ಲಿ ಕೂತು ನಾನೇ ಹೇಳಿದ್ದು — ಇಷ್ಟು ವರ್ಷ ಅದನ್ನು ನಿನ್ನ ತಲೆಗೆ ಕಟ್ಟಿ ಸುಮ್ಮನಿದ್ದೆ.

ಆ ಬೇಸಿಗೆ ಈಗಲೂ ಕನಸಿಗೆ ಬರುತ್ತದೆ. ಬೆಳಗಿನ ತೆಳುಮಂಜು ಇನ್ನೂ ನೀರಿನ ಮೇಲೇ ಮಲಗಿರುತ್ತದೆ. ನಿನ್ನ ಹರಿಗೋಲು ಸದ್ದಿಲ್ಲದೆ ತಿರುಗುತ್ತಾ ಹೋಗುತ್ತದೆ. ಅದರಲ್ಲಿ ತಲೆಗೆ ಟವೆಲ್ಲು ಸುತ್ತಿಕೊಂಡು ಅವರು — ಸಿನಿಮಾ ತೆರೆಯ ಮೇಲೆ ಒಂದೇ ಏಟಿಗೆ ಗೂಂಡಾಗಳನ್ನು ಉರುಳಿಸುವ ಹೀರೋ — ಉಸಿರು ಬಿಗಿಹಿಡಿದು ಕೂತಿರುತ್ತಾರೆ. ನೀರು ಇಳಿದಾಗ ಮೇಲೇಳುವ ದಿಬ್ಬದಲ್ಲಿ ಹಳದಿ ಕೊಕ್ಕಿನ ರೀವ ಹಕ್ಕಿಗಳು ಬರೀ ಮರಳಿನ ಮೇಲೇ ಮೊಟ್ಟೆ ಇಡುತ್ತವಲ್ಲ, ಅವನ್ನು ನಾಯಿಗಳಿಂದ ಕಾಯುವುದು ಅವರ ಹುಚ್ಚು. ಶೂಟಿಂಗ್ ಬಿಟ್ಟು ಬರುತ್ತಿದ್ದರು. ಮರಿ ಹಾರುವವರೆಗೆ ಯಾರಿಗೂ ಹೇಳಬೇಡಿ ಎಂದು ನಮ್ಮಿಬ್ಬರನ್ನೂ ಕೇಳಿಕೊಂಡಿದ್ದರು.

ನನ್ನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ, ನಿನಗೇ ಗೊತ್ತು. ಕೆ.ಆರ್. ಪೇಟೆಯ ಅಭಿಮಾನಿ ಸಂಘದ ಗೆಳೆಯನೊಬ್ಬ ಇಡ್ಲಿ ತಿನ್ನುತ್ತಾ, "ಯಾವ್ ಹೀರೋನೂ ನಿನ್ ಓಟ್ಲು ಕಡೀಕ್ ತಲೆ ಆಕಿಲ್ವಲ್ಲ ಕಣ್ಲಾ" ಎಂದು ಕೆಣಕಿದ. ಅಷ್ಟು ಸಾಕಾಯಿತು — ಎಲ್ಲ ಒದರಿಬಿಟ್ಟೆ. ಹುಟ್ಟುಹಬ್ಬದ ದಿನ ಅವರು ಎಲ್ಲಿರುತ್ತಾರೆ ಎಂಬುದನ್ನೂ.

ಆ ಸಂಘದ ಹುಡುಗರು ಬಂದದ್ದು ಕೇಡಿಗಲ್ಲ, ಪ್ರೀತಿಗೆ. ಆಚೆದಡದಿಂದ ಮೊಣಕಾಲುದ್ದ ನೀರು ದಾಟಿ ಬಂದು, ಹೀರೋ ಕೂರುವ ಜಾಗವೆಂದು ಇಡೀ ದಿಬ್ಬವನ್ನು ಪೊರಕೆಯಿಂದ ಗುಡಿಸಿದರು. ಹಾಲು ಚಿಮುಕಿಸಿ, ರಂಗೋಲಿ ಬಿಟ್ಟು, ಜಮಖಾನ ಹಾಸಿದರು. ಮೊಟ್ಟೆಗಳು ಕಲ್ಲಿನ ಹಾಗೇ ಕಾಣುತ್ತವೆ — ಕಲ್ಲೆಂದುಕೊಂಡೇ ನೀರಿಗೆ ತಳ್ಳಿದರು. ನಿನ್ನ ಹರಿಗೋಲು ದಿಬ್ಬ ಮುಟ್ಟುವಾಗ ಜೈಕಾರ ಹಾಕಿದರು. ಕಾಫಿ ಫ್ಲಾಸ್ಕು ಹಿಡಿದು ನಾನೂ ಹೀರೋ ಜೊತೆ ಹರಿಗೋಲಿನಲ್ಲೇ ಇದ್ದೆ. ಮೇಲೆ ಹಕ್ಕಿಗಳು ಸುತ್ತುತ್ತಿದ್ದವು, ಸುತ್ತುತ್ತಲೇ ಇದ್ದವು...

ಹೀರೋ ಕೇಳಿದ್ದು ಒಂದೇ ಮಾತು. "ಯಾರು ಹೇಳಿದ್ದು?"

"ನನ್ ಬಾಯಿಂದಂತೂ ಬಂದಿಲ್ಲ, ಅರಿಗೋಲ್ನೋರ್ಗಲ್ದೆ ಇನ್ಯಾರ್ಗ್ ಗೊತ್ತಿತ್ತು ಸಾರ್?" ಎಂದೆ. ನಿನ್ನ ಹೆಸರು ಎತ್ತಲಿಲ್ಲವಲ್ಲ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದಕ್ಕಿಂತ ಹೊಲಸು ಸುಳ್ಳನ್ನು ನಾನು ಆಡಿಲ್ಲ.

ನೀನು ನನ್ನ ಮುಖ ನೋಡಿದೆ. ನಿನಗೆ ತಿಳಿದುಹೋಯಿತು. ಆದರೂ ನೀನು, "ಮೊದ್ಲು ಜನಾನ ದಿಬ್ಬದಿಂದ ಇಳ್ಸಿ ಸಾರ್, ಆ ಮೂಲೇಲಿ ಒಂದ್ ಮೊಟ್ಟೆ ಉಳ್ದದೆ" ಎಂದೆ, ಅಷ್ಟೇ. ಹೀರೋ ಮತ್ತೆ ನಿನ್ನ ಹರಿಗೋಲು ಹತ್ತಲಿಲ್ಲ. ಹೊಳೆದಂಡೆಯ ಜನ ನಿನ್ನನ್ನು ನಂಬಬಾರದವನು ಎಂದರು — ನನ್ನ ಹೋಟೆಲಿನಲ್ಲೇ, ನಾನು ಕೊಟ್ಟ ಕಾಫಿ ಕುಡಿಯುತ್ತಾ. ನೀನು ಹರಿಗೋಲು ಮಾರಿ ಪಾಂಡವಪುರಕ್ಕೆ ಹೋಗಿ ಗೂಡ್ಸ್ ಆಟೋ ಹಿಡಿದೆ.

ಈ ಬೇಸಿಗೆ ದಿಬ್ಬ ಮತ್ತೆ ಎದ್ದಿದೆ. ಹಕ್ಕಿಗಳೂ ಬಂದಿವೆ. ನೋಡಿ ತಡೆಯಲಾರದೆ ಹೀರೋಗೆ ಫೋನ್ ಮಾಡಿ ಎಲ್ಲ ಒಪ್ಪಿಕೊಂಡೆ. ಅವರು, "ನಾಸಿರ್‌ಗೆ ಹೇಳಿದ್ರಾ?" ಎಂದರು. ಇಲ್ಲ ಎಂದೆ. ಫೋನ್ ಇಟ್ಟುಬಿಟ್ಟರು.

ಇವತ್ತು ಬೆಳಗ್ಗೆ ಹೋಟೆಲಿನಲ್ಲಿ ಕಾಫಿಗೆ ಬಂದವರಿಗೆಲ್ಲ ಹೇಳಿದೆ. ನಾಳೆ ಪಾಂಡವಪುರದ ಬಸ್ಸು ಹತ್ತುತ್ತೇನೆ. ನೀನು ಬಾಗಿಲು ತೆಗೆಯಬೇಕಾಗಿಲ್ಲ. ಬೀದಿಯಲ್ಲೇ ನಿಂತು, ನಿನ್ನ ಅಕ್ಕಪಕ್ಕದವರಿಗೂ ಕೇಳುವ ಹಾಗೆ, ಹೇಳಿದವನು ನಾನು ಎಂದು ಹೇಳಿ ಬರುತ್ತೇನೆ.