ಖಾಲಿ ಪಟ್ಟಿ

ಸೆಮರಾಂಗಿನ ಕಡಲಂಚಿಗೆ ಉಬ್ಬರವಿಳಿತ ಅಳೆಯುವ ಒಂದು ಕಚೇರಿ. ಅಲ್ಲಿನ ಲಿನಕ್ಸ್ ಸರ್ವರನ್ನು ವಿನಾರ್ತಿ ಹದಿನೆಂಟು ವರ್ಷದಿಂದ ನೋಡಿಕೊಂಡು ಬಂದಿದ್ದಳು. ರಸ್ತೆಗೆ ಉಪ್ಪುನೀರು ನುಗ್ಗಿದ ದಿನವೂ ಬೈಕು ತಳ್ಳಿಕೊಂಡು ಬಂದವಳು. ಬಾಯಿ ಚೂರಿ, ಕೆಲಸ ಚೊಕ್ಕ. ಈ ಸಲ ಲೆಬಾರನ್ ಹಬ್ಬದ ರಜೆಗೆ ಹೊರಡುವ ಮುನ್ನ ಹಳೆಯ ಕರಡು ಕಡತಗಳನ್ನೆಲ್ಲ ಕೈಯಾರೆ ಅಳಿಸಿ ಹೋದಳು. ವಾಪಸು ಬಂದು ನೋಡಿದರೆ ಈ ವರ್ಷದ ಕಡಲಿನ ಅಳತೆಗಳೇ ಮಾಯ.

ತಪ್ಪು ಅವಳದಲ್ಲ. ಮುಖ್ಯಸ್ಥ ಗುನಾದಿ ಹಿಂದೆಂದೋ ಮೂರು ಆಜ್ಞೆಗಳನ್ನು ಒಂದಕ್ಕೊಂದು ಪೋಣಿಸಿದ್ದ. ಮೊದಲನೆಯದು ಹಳೆಯ ಕರಡುಗಳ ಪಟ್ಟಿ ಮಾಡುತ್ತಿತ್ತು, ಎರಡನೆಯದು ತಾರೀಖಿನಂತೆ ಜೋಡಿಸುತ್ತಿತ್ತು, ಮೂರನೆಯದು ಅಳಿಸುತ್ತಿತ್ತು. ವಾರಕ್ಕೊಮ್ಮೆ ತಾನಾಗಿಯೇ ಓಡುವ ವ್ಯವಸ್ಥೆ. ಪಟ್ಟಿ ಖಾಲಿ ಬಂದರೆ ಮಾತ್ರ ಎರಡನೆಯದು ಸುಮ್ಮನಿರುವುದಿಲ್ಲ; ತಾನು ನಿಂತ ಫೋಲ್ಡರಿನಲ್ಲಿ ಇದ್ದಬದ್ದ ಹೆಸರುಗಳನ್ನೆಲ್ಲ ಬಾಚಿ ಮೂರನೆಯದಕ್ಕೆ ಕೊಟ್ಟುಬಿಡುತ್ತದೆ. ಈ ಸಲ ಕರಡುಗಳು ಮೊದಲೇ ಅಳಿಸಿಹೋಗಿದ್ದರಿಂದ ಪಟ್ಟಿ ಖಾಲಿ ಬಂತು; ಅದು ನಿಂತಿದ್ದದ್ದು ಅಳತೆಗಳ ಫೋಲ್ಡರಿನಲ್ಲೇ. ‘ಏನೂ ಬರದಿದ್ದರೆ ಓಡಬೇಡ’ ಎನ್ನಲು ಒಂದಕ್ಷರ ಸೇರಿಸಿದರೆ ಸಾಕಿತ್ತು. ವಿನಾರ್ತಿ ಮೂರು ಸಲ ಹೇಳಿದ್ದಳು. ತನ್ನ ಬರಹಕ್ಕೆ ಇವಳು ಕೈಹಾಕುವುದೇ ಎಂದು ಆ ಮಹಾನುಭಾವ ಬಿಟ್ಟಿರಲಿಲ್ಲ.

ಈಗ ತಪ್ಪೊಪ್ಪಿಗೆ ಪತ್ರ ಟೈಪು ಮಾಡಿಸಿ, ಎಲ್ಲರನ್ನೂ ಕರೆಸಿ, ಅವಳ ಮುಂದಿಟ್ಟ. ಸಹಿ ಹಾಕಿದರೆ ನೌಕರಿ ಹೋದಂತೆಯೇ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗಾಯಿತು ಅವನ ಕತೆ! ಗುನಾದಿಗೆ ಸಿಟ್ಟು ಬಂದಷ್ಟೂ ಮಾತು ಸಿಹಿಯಾಗುತ್ತದೆ. ಕೇಳಿದವರ ಮೈ ಉರಿಯಬೇಕು. ಅಮ್ಮಾವ್ರೇ ಎನ್ನಲು ಆ ಊರಲ್ಲಿ ‘ಬು’, ಸಾರ್ ಎನ್ನಲು ‘ಪಾಕ್’.

“ಬು ವಿನಾರ್ತಿ, ಪಾಪ, ಕಸ ಗುಡಿಸೋವಾಗ ಕೈತಪ್ಪಿ ಅಳತೆಗಳನ್ನೂ ಗುಡಿಸಿಬಿಟ್ರಿ. ವಯಸ್ಸಾಯ್ತು, ಆಗುತ್ತೆ ಬಿಡಿ.”

“ನಾನು ಮುಟ್ಟಿದ್ದು ಕರಡು ಮಾತ್ರ, ಪಾಕ್. ಮಿಕ್ಕಿದ್ದನ್ನ ನುಂಗಿದ್ದು ನಿಮ್ಮ ಆಜ್ಞೆಗಳ ಸರಪಳಿ.”

“ನಂದಾ? ಹನ್ನೊಂದು ವರ್ಷದಿಂದ ಓಡ್ತಿದೆ. ಏನೂ ಸಿಗದಿದ್ರೆ ಅದು ಏನೂ ಮಾಡಲ್ಲ.”

ವಿನಾರ್ತಿಗೆ ಅಳು ಬರಲಿಲ್ಲ, ಬಂದದ್ದು ಶುದ್ಧ ದ್ವೇಷ. ಅವನ ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡು ನಾಲ್ಕು ಸಾಲು ಬರೆದು ತಿರುಗಿಸಿದಳು.

“ಇದು ನಿಮ್ಮ ಮಗಳ ಮದುವೆ ಫೋಟೋ ಇರೋ ಫೋಲ್ಡರು. ಆಜ್ಞೆ ನಿಮ್ದೇ, ಒಂದಕ್ಷರ ಬದಲಿಸಿಲ್ಲ. ಅದು ಹುಡುಕೋ ಜಾಗ ಪೂರ್ತಿ ಖಾಲಿ ಇದೆ. ಏನೂ ಮಾಡಲ್ಲ ಅಂದ್ರಲ್ಲ? ಎಂಟರ್ ಒತ್ತಿ.”

“ಇದೆಲ್ಲ ಯಾಕೆ ಬು, ಸುಮ್ನೆ...”

“ಒತ್ತಿ ಪಾಕ್. ವಯಸ್ಸಾಗಿರೋದು ನಂಗೆ ತಾನೆ?”

ಗುನಾದಿಯ ಬೆರಳು ಗುಂಡಿಯ ಮೇಲೆ ಹೋಗಿ ನಿಂತಿತು. ಸುತ್ತ ನಿಂತವರು ಪರದೆಯತ್ತ ಬಾಗಿದರು. ಬೆರಳು ಕೆಳಗಿಳಿಯಲಿಲ್ಲ. ಕೊನೆಗೆ ಅವನು ಕೈ ಹಿಂದಕ್ಕೆ ತೆಗೆದು ತೊಡೆಯ ಮೇಲಿಟ್ಟುಕೊಂಡ.

ವಿನಾರ್ತಿ ಪತ್ರದಲ್ಲಿದ್ದ ತನ್ನ ಹೆಸರಿಗೆ ಅಡ್ಡಗೆರೆ ಎಳೆದು, ಅದರ ಮೇಲೆ ಅವನ ಹೆಸರು ಬರೆದಳು.

“ಸಹಿ ಹಾಕಿ, ಪಾಕ್,” ಎಂದು ಪೆನ್ನನ್ನು ಅವನ ಕಡೆಗೆ ತಳ್ಳಿದಳು.