ದೀಪ ಹಚ್ಚಿದ ಮೇಲೆ ಸೂಜಿ

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಜಾಣರು ಬೇಕಾದಷ್ಟು ಮಂದಿ. ಹಾಸಿಗೆಯೇ ಇಲ್ಲದವರು ಏನು ಮಾಡಬೇಕೆಂದು ಅವರು ಹೇಳುವುದಿಲ್ಲ. ಆನೆಕೊಂಡದ ಬಸವಣ್ಣೆಮ್ಮ ಅವರನ್ನು ಕೇಳಲೂ ಹೋಗಲಿಲ್ಲ. ಓಣಿಯವರ ಹಳೆ ಸೀರೆ, ಹರಕು ಧೋತರ ಜೋಡಿಸಿ ಕೌದಿ ಹೊಲಿಯಲು ಕೂತಳು.

ಅದು ಸಾವಿರದ ಒಂಬೈನೂರ ಅರವತ್ತರ ಆಸುಪಾಸು. ಗಂಡ ವಾಮದೇವಪ್ಪ ದುಡಿಯುತ್ತಿದ್ದ ಮಿಲ್ಲಿಗೆ ಬೀಗ ಬಿದ್ದಿತ್ತು. ನೂಲು ತೆಗೆದ ಕೈಯಲ್ಲಿ ಅವನು ಮಂಡಿಯ ಮೂಟೆ ಹೊತ್ತ. ಇವಳು ಬೆಳಿಗ್ಗೆ ಖಾನಾವಳಿಗೆ ರೊಟ್ಟಿ ಬಡಿದು ಕೊಟ್ಟಳು, ಮಧ್ಯಾಹ್ನ ಕೌದಿ ಹಿಡಿದಳು. ರೊಟ್ಟಿಯ ದುಡ್ಡು ಜೋಳಕ್ಕೇ ಹೋಗುತ್ತಿತ್ತು. ಕೌದಿಯ ದುಡ್ಡು ಮಾತ್ರ ಮಗಳು ನಿರ್ಮಲಳದು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಫೀ ಕಟ್ಟಲು ನಾಳೆಯೇ ಕಡೆಯ ದಿನ.

ಫೀ ಕಟ್ಟದಿದ್ದರೆ ಮುಂದೇನೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಅತ್ತೆ ನಾಗಕ್ಕನ ತಮ್ಮ ಹರಿಹರದಲ್ಲಿದ್ದ. ಅವನ ಮಗನಿಗೆ ನಿರ್ಮಲಳನ್ನು ಕೊಡುವ ಮಾತು ವರ್ಷದಿಂದ ನಡೆದಿತ್ತು. ಹುಡುಗನಿಗೆ ಮೂವತ್ತು ದಾಟಿತ್ತು, ಇಸ್ಪೀಟಿನ ಹುಚ್ಚು ಬೇರೆ. "ಹೆಣ್ಣುಹುಡುಗಿ ಓದಿ ಯಾವ ರಾಜ್ಯ ಆಳ್ಬೇಕು?" ಎಂದು ನಾಗಕ್ಕ ದಿನಾ ಗೊಣಗುತ್ತಿದ್ದಳು. ಸೊಸೆ ಪರರ ಕೌದಿ ಹೊಲಿಯುವುದೂ ಅವಳಿಗೆ ಅವಮಾನವೇ. ಮಿಲ್ಲಿಗೆ ಬೀಗ ಬಿದ್ದರೂ ಮನೆತನದ ಬಿಂಕಕ್ಕೆ ಬೀಗ ಬಿದ್ದಿರಲಿಲ್ಲ ನೋಡಿ.

ಈ ಸಲದ ಕೌದಿ ಹರಿಹರದ ಅನ್ನಪೂರ್ಣಮ್ಮನದು. ಅವಳ ಮಗಳು ಬಾಣಂತನ ಮುಗಿಸಿ ಕೂಸಿನೊಂದಿಗೆ ಗಂಡನ ಮನೆಗೆ ಹೊರಟಿದ್ದಳು. "ನಾಳೆ ಮೊದಲ್ನೇ ರೈಲಿಗೆ ಬಂದು ಮುಟ್ಟಿಸ್ರಿ, ಅಲ್ಲೇ ರೊಕ್ಕ ಕೊಡ್ತೀನಿ. ಮಗಳು ಹೋದ ಮ್ಯಾಲೆ ತಂದ್ರೆ ನಂಗೆ ಬ್ಯಾಡ" ಎಂದು ಅನ್ನಪೂರ್ಣಮ್ಮ ಮೊದಲೇ ಹೇಳಿದ್ದಳು.

ಹೊತ್ತು ಮುಳುಗಿತು. ಇನ್ನೊಂದು ಅಂಚು ಉಳಿದಿತ್ತು. ನಾಗಕ್ಕ ದೇವರ ಮುಂದೆ ದೀಪ ಹಚ್ಚಿ ಈಚೆ ಬಂದಳು, ಬಸವಣ್ಣೆಮ್ಮನ ಕೈಯಲ್ಲಿ ಸೂಜಿ ಪಟ್ಟನೆ ಮುರಿಯಿತು. ಇದ್ದದ್ದು ಅದೊಂದೇ.

ದೀಪ ಹಚ್ಚಿದ ಮೇಲೆ ಸೂಜಿ ಕೊಟ್ಟರೆ ಮನೆಯ ಲಕ್ಷ್ಮಿ ಹೊರಟುಹೋಗುತ್ತಾಳೆ. ಇದು ಓಣಿಗೆ ಓಣಿಯೇ ಪಾಲಿಸುವ ಮಾತು. ಆ ಹೊತ್ತಿನಲ್ಲಿ ಅದರ ಹೆಸರನ್ನೂ ಎತ್ತುವುದಿಲ್ಲ. ಅತ್ತೆಯ ಎಲೆಅಡಿಕೆ ಸಂಚಿಯಲ್ಲಿ ಒಂದು ಸೂಜಿ ಸದಾ ಇರುತ್ತದೆಂದು ಬಸವಣ್ಣೆಮ್ಮನಿಗೆ ಗೊತ್ತಿತ್ತು. ಬಾಯಿ ಬಿಡದೆ ಸಂಚಿಯ ಕಡೆ ನೋಡಿದಳು.

"ದೀಪ ಹಚ್ಚೇನಿ, ಕಾಣಾದಿಲ್ಲೇನು?" ಎಂದಳು ನಾಗಕ್ಕ.

ಇದು ಶಾಸ್ತ್ರವೋ, ತಮ್ಮನ ಮಗನ ಮೇಲಿನ ಮಮತೆಯೋ? ಕೇಳಿ ಜಗಳವಾಡಲು ಬಸವಣ್ಣೆಮ್ಮನಿಗೆ ಪುರುಸೊತ್ತಿರಲಿಲ್ಲ. ಓಣಿಯ ಪಂಚಾಕ್ಷರಪ್ಪನ ಕಿರಾಣಿ ಅಂಗಡಿಗೆ ಓಡಿದಳು.

"ಬೆಳಿಗ್ಗೆ ಬಾರವ್ವ" ಎಂದ ಅವನು, ತಕ್ಕಡಿಯಿಂದ ಕಣ್ಣೆತ್ತದೆ.

"ಬೆಳಿಗ್ಗೆ ನೀವು ಅಂಗಡಿ ತೆಗೆಯಾದ್ರಾಗ ರೈಲು ಹರಿಹರ ದಾಟಿರ್ತೈತೆ, ಅಣ್ಣಾ. ಎರಡರಷ್ಟು ಕೊಡ್ತೀನಿ."

"ಹತ್ತರಷ್ಟು ಕೊಟ್ರೂ ಆ ವ್ಯಾಪಾರ ಈಗಿಲ್ಲ."

ಪಕ್ಕದ ಮನೆಯ ಕಸ್ತೂರಮ್ಮ ವಿಷಯ ಕೇಳಿದವಳೇ ಬಾಗಿಲು ಮುಂದೆ ಮಾಡಿಕೊಂಡಳು. ಉಳಿದದ್ದು ಗಾದಿ ಹೊಲಿಯುವ ಖತೀಜಾಬಿಯ ಮನೆ. ಅಲ್ಲಿಗೆ ಹೋಗಲು ಬಸವಣ್ಣೆಮ್ಮನಿಗೆ ಕಾಲೇ ಏಳಲಿಲ್ಲ. ಹೋದ ತಿಂಗಳು ಇಂಥದೇ ಮುಸ್ಸಂಜೆಯಲ್ಲಿ ಖತೀಜಾಬಿ ಸೂಜಿ ಕೇಳಿ ಬಂದಿದ್ದಳು. ನಾಗಕ್ಕ ಅವಳನ್ನು ಹೊಸ್ತಿಲಲ್ಲೇ ಬೈದು ಕಳಿಸಿದ್ದಳು, ಇವಳು ಒಳಗೆ ಕೇಳಿಯೂ ಸುಮ್ಮನಿದ್ದಳು. ಈಗ ಯಾವ ಮುಖ ಹೊತ್ತು ಹೋಗುವುದು? ಆದರೂ ಹೋದಳು. ಮಗಳ ಮುಖ ನೆನೆದು ಹೋದಳು.

ಖತೀಜಾಬಿ ಎಲ್ಲ ಕೇಳಿದಳು. ಗೋಡೆಗೆ ಚುಚ್ಚಿದ್ದ ಸೂಜಿ ಕಿತ್ತುಕೊಂಡಳು, ಆದರೆ ಕೈಗೆ ಕೊಡಲಿಲ್ಲ. "ನಂಗೇನು ಭಯ ಇಲ್ಲಕ್ಕಾ. ಆದ್ರೆ ನೀವು ಇಸ್ಕಂಡು ಹೋದ್ರೆ ನಿಮ್ಮತ್ತಿ ಮನ್ಯಾಗ ಇಟ್ಕಂತಾರಾ? ಇದು ನನ್ನ ಕೈಯಾಗೇ ಇರ್ಲಿ. ನಾನೇ ಬಂದು ಹೊಲಿತೀನಿ, ನಡೀರಿ."

ಅವಳನ್ನು ಕಂಡು ನಾಗಕ್ಕ ಎದ್ದು ನಿಂತಳು. ಖತೀಜಾಬಿ ತಲೆ ತಗ್ಗಿಸಿ ಬುಡ್ಡಿದೀಪದ ಮುಂದೆ ಕೂತು ದಾರ ಪೋಣಿಸಿದಳು. ಹೋದ ತಿಂಗಳ ಮಾತು ಎತ್ತಲಿಲ್ಲ. ಎತ್ತಿದ್ದರೆ ಮುದುಕಿ ಜಗಳಕ್ಕಾದರೂ ನಿಲ್ಲುತ್ತಿದ್ದಳು. ನಾಗಕ್ಕ ಆ ಸೂಜಿ ಅಂಚಿನುದ್ದಕ್ಕೂ ಓಡುವುದನ್ನು ನೋಡಿದಳು. ಆಮೇಲೆ ಸಂಚಿ ಬಿಚ್ಚಿ ತನ್ನ ಸೂಜಿ ತೆಗೆದು, ಕೌದಿಯ ಇನ್ನೊಂದು ತುದಿಗೆ ಕೂತಳು.

"ಕೊಡಬಾರ್ದು ಅಂದಾರ, ಹೊಲಿಬಾರ್ದು ಅಂದಿಲ್ಲ" ಎಂದಳು, ಯಾರ ಮುಖವನ್ನೂ ನೋಡದೆ. "ಅವತ್ತು ನಿನ್ನ ಬರಿಗೈಲಿ ಕಳಿಸಿದ್ದೆ, ಖತೀಜಾ. ನಂದು ತಪ್ಪಾತು."

ಎರಡು ಸೂಜಿಗಳೂ ಒಂದೇ ಮೂಲೆಗೆ ಬಂದು ಸೇರಿದವು. ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವ ಪದ್ಧತಿ ಇಲ್ಲ, ಕಡೆಯ ಮೂಲೆಯಲ್ಲಿ ಒಂದು ತುಣುಕು ರೊಟ್ಟಿ ಇಟ್ಟು ಹೊಲಿಗೆ ಮುಚ್ಚಬೇಕು. ನಾಗಕ್ಕ ತನ್ನ ಪಾಲಿನ ರೊಟ್ಟಿಯನ್ನೇ ಮುರಿದು ಅಲ್ಲಿಟ್ಟಳು.

"ಬೆಳಿಗ್ಗೆ ಹರಿಹರಕ್ಕ ನಾನೇ ಹೋಗ್ತೀನಿ" ಎಂದಳು. "ತಮ್ಮನ ಮನೀಗೂ ಹೋಗಾದೈತೆ."

ಇಷ್ಟೆಲ್ಲ ಮಾಡಿದ್ದು ನೀರಿನಲ್ಲಿ ಹೋಮವಾಯಿತೇ? "ಯಾಕತ್ತಿ?" ಎಂದು ಕೇಳಿದಳು ಬಸವಣ್ಣೆಮ್ಮ.

ನಾಗಕ್ಕ ಕಡೆಯ ಗಂಟು ಹಾಕಿ ದಾರವನ್ನು ಹಲ್ಲಿನಿಂದ ಕಡಿದಳು.

"ಹುಡುಗಿ ಪರೀಕ್ಷಿ ಕಟ್ಟತಾಳ, ಅವನು ಬ್ಯಾರೆ ಹೆಣ್ಣು ನೋಡ್ಕಳ್ಳಿ ಅಂತ ಹೇಳಿ ಬರಬೇಕಲ್ಲ."

ಬಸವಣ್ಣೆಮ್ಮ ಕೌದಿಯಲ್ಲಿ ಮುಖ ಹುದುಗಿಸಿ ಅತ್ತುಬಿಟ್ಟಳು. "ಏ, ಒದ್ದಿ ಮಾಡಬ್ಯಾಡ, ಕೂಸಿಂದು ಅದು" ಎಂದು ನಾಗಕ್ಕ ಗದರಿ, ಸೂಜಿಯನ್ನು ತನ್ನ ಸಂಚಿಗೆ ಸೇರಿಸಿಕೊಂಡಳು.