ಕ್ಯಾಲೆಂಡರಿನಲ್ಲಿ ಬರೆದ ಪುಂಡಿಪಲ್ಯ

ಜಹೀರಾಬಾದಿನ ನಮ್ಮ ಅಡುಗೆಮನೆಯ ಗೋಡೆಗೆ ತೂಗುವುದು ತೆಲುಗು ಕ್ಯಾಲೆಂಡರ್. ಚೌಕಗಳು ದೊಡ್ಡವು, ಬರೆಯಲು ಜಾಗ ಇರುತ್ತದೆ. ಲಗ್ನದ ದಿನಗಳು ಶುರುವಾದವೆಂದರೆ ರವಿವಾರ ಬೆಳಿಗ್ಗೆ ಬಂದ ಆಮಂತ್ರಣ ಪತ್ರಿಕೆಗಳನ್ನೆಲ್ಲ ಹರವಿಕೊಂಡು, ಪೆನ್ನು ಹಿಡಿದು ಅದರ ಮುಂದೆ ನಿಲ್ಲುವುದು ನನ್ನ ರೂಢಿ. ಸೋಮವಾರ ನಾರಾಯಣಖೇಡದಲ್ಲಿ ತೊಟ್ಟಿಲು, ಬುಧವಾರ ತಾಂಡೂರಿನಲ್ಲಿ ರಿಸೆಪ್ಷನ್, ಗುರುವಾರ ಹಿಂದಿನ ಬೀದಿಯಲ್ಲೇ ಗೃಹಪ್ರವೇಶ. ಅಂಥ ಚೌಕಗಳಲ್ಲಿ ‘ಊಟ ಇಲ್ಲ’ ಎಂದು ಬರೆಯುತ್ತಿದ್ದೆ. ಅಂದು ಸಂಜೆ ಒಲೆ ಹಚ್ಚುವ ಕೆಲಸವಿಲ್ಲ ಎಂದು ಅರ್ಥ. ಉಳಿದ ಸಂಜೆಗಳಿಗೆ ಹೊಂದಿಸುವುದೇ ಜಾಣತನ: ಲಗ್ನದೂಟದ ಮರುದಿನ ಹೊಟ್ಟೆಗೆ ಹಗುರವಾಗಿ ಹೆಸರುಬೇಳೆ, ಬಾಡುವ ಮೊದಲು ಮೆಂತ್ಯ, ಆಮೇಲೆ ಬದನೆಕಾಯಿ. ನಮ್ಮ ಮನೆಯಲ್ಲಿ ಸೊಪ್ಪಿನ ಒಂದು ಕಡ್ಡಿಯೂ ಕೊಳೆಯುವುದಿಲ್ಲ ಎಂಬ ಜಂಭ ನನಗೆ ಸಾಕಷ್ಟಿತ್ತು.

ನಾನು, ಗಂಡ, ಮಗಳು ಮೂವರೂ ಎಲ್ಲ ಕಾರ್ಯಗಳಿಗೂ ಹೋಗುತ್ತಿದ್ದೆವು. ಅತ್ತೆ ಬರುತ್ತಿರಲಿಲ್ಲ. ಮಾವ ತೀರಿಕೊಂಡ ಮೇಲೆ ಅವರು ಶುಭಕಾರ್ಯದ ಮನೆಗೆ ಹೆಜ್ಜೆ ಇಟ್ಟವರಲ್ಲ. ಬರಬೇಡಿ ಎಂದು ಯಾರೂ ಅಂದಿರಲಿಲ್ಲ. ಬನ್ನಿ ಎಂದು ಕೈಹಿಡಿದು ಎಳೆದವರೂ ಇಲ್ಲ, ನಾನೂ ಎಳೆಯಲಿಲ್ಲ.

“ನಂದೇನ್ ಚಿಂತಿ ಮಾಡಬ್ಯಾಡವ್ವ. ಮುಂಜಾನಿ ರೊಟ್ಟಿ ಅದ, ಹಾಲು ಅದ. ಮುರ್ಕೊಂಡು ಉಣ್ತೀನಿ,” ಅನ್ನುತ್ತಿದ್ದರು. ನಾವು ತಿರುಗಿ ಬಂದು ಚಪ್ಪಲಿ ಬಿಡುತ್ತಲೇ “ಉಂಡ್ರೇನ್ರಿ ಅತ್ತಿ?” ಎಂದು ಕೇಳುತ್ತಿದ್ದೆ. “ಉಂಡೀನವ್ವ” ಎಂಬ ಉತ್ತರ ಬಂದರೆ ನನ್ನ ಕರ್ತವ್ಯ ಮುಗಿಯಿತು.

ಅತ್ತೆಯ ತವರು ಗಡಿಯಾಚೆ, ಬೀದರ್ ಕಡೆಯ ಹಳ್ಳಿ. ನಾಲ್ಕನೇ ಇಯತ್ತೆಯ ತನಕ ಕನ್ನಡ ಶಾಲೆ ಕಲಿತವರು. ತೆಲುಗಿನಲ್ಲಿ ತರಕಾರಿಯವಳ ಜೊತೆ ಜಗಳವಾಡಿ ಗೆದ್ದು ಬರುತ್ತಿದ್ದರು, ಆದರೆ ಆ ಅಕ್ಷರ ಓದಲು ಬರುತ್ತಿರಲಿಲ್ಲ. ಹೋದ ವರ್ಷ ಒಂದು ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಕ್ಯಾಲೆಂಡರಿನ ಮುಂದೆ ನಿಂತಿದ್ದರು.

“ಈ ಕಾಗದದಾಗ ನಂಗ ಓದಾಕ ಬರೋದು ನಿನ್ನ ಅಕ್ಷರ ಅಷ್ಟೇ ನೋಡು. ಎಲ್ಲಿ ನೋಡಿದ್ರೂ ಊಟ ಇಲ್ಲ, ಊಟ ಇಲ್ಲ ಅಂತ ಬರದೀದಿ. ವಾರದಾಗ ನಾಕ್ ದಿನ ಉಪಾಸ ಏನವ್ವ ನಮಗ?”

ನಾನು ನಕ್ಕೆ. ಅವರೂ ನಕ್ಕರು. ಆಮೇಲೆ ದನಿ ಇಳಿಸಿ, “ಒಂದ್ ದಿನ ಸಂಜಿಗಿ ಬಿಸಿ ರೊಟ್ಟಿ, ಪುಂಡಿಪಲ್ಯ ಮಾಡು. ಎಲ್ಲಾರೂ ಕೂಡಿ ಕುಂತು ಉಣ್ಣಮು,” ಎಂದರು.

ಅವರು ಬಾಯಿಬಿಟ್ಟು ಏನಾದರೂ ಬೇಡಿದ್ದು ನನಗೆ ನೆನಪಿರುವಂತೆ ಅದೊಂದೇ. ರವಿವಾರದ ಚೌಕದಲ್ಲಿ ‘ಪುಂಡಿಪಲ್ಯ’ ಎಂದು ಬರೆದು ಗೆರೆ ಎಳೆದು ತೋರಿಸಿದೆ. ಆ ರವಿವಾರ ತಾಂಡೂರಿನಲ್ಲಿ ನನ್ನ ಅಕ್ಕನ ಮಗಳ ನಿಶ್ಚಯ ಬಂತು. ಬಾಣದ ಗುರುತು ಹಾಕಿ ಮುಂದಿನ ರವಿವಾರಕ್ಕೆ ತಳ್ಳಿದೆ. ಆಗ ಇನ್ನೊಂದು ಬಂತು. ಮತ್ತೊಂದು ಬಾಣ, ಮೂರನೆಯ ರವಿವಾರದ ಚೌಕದಲ್ಲಿ ಮತ್ತೆ ‘ಪುಂಡಿಪಲ್ಯ’. ಅತ್ತೆ ದಿನಾ ಅದನ್ನು ನೋಡುತ್ತಿದ್ದರು.

ಮೂರನೆಯ ವಾರ, ಶುಕ್ರವಾರ ಬೆಳಿಗ್ಗೆ ಚಹಾ ತೆಗೆದುಕೊಂಡು ಹೋದೆ. ಅತ್ತೆ ಏಳಲಿಲ್ಲ. ಡಾಕ್ಟರ್ ಬಂದು ನಿದ್ದೆಯಲ್ಲೇ ಹೋಗಿದ್ದಾರೆ ಎಂದರು. ಹಿಂದಿನ ಸಂಜೆ ನಾವು ಗೃಹಪ್ರವೇಶದ ಊಟಕ್ಕೆ ಹೋಗಿ ಬಂದಾಗ “ಉಂಡೀನವ್ವ” ಎಂದಿದ್ದರು. ಮಂಚದ ಪಕ್ಕ ಮುಚ್ಚಿಟ್ಟ ತಾಟು ತೆರೆದು ನೋಡಿದರೆ ರೊಟ್ಟಿ ಹಾಗೇ ಇತ್ತು, ಹಾಲು ಕೆನೆಗಟ್ಟಿತ್ತು. ಎಷ್ಟು ಸಂಜೆ ಹೀಗೆ ಸುಳ್ಳು ಹೇಳಿದ್ದರೋ, ನಾನು ಒಮ್ಮೆಯೂ ಮುಚ್ಚಳ ಎತ್ತಿ ನೋಡಿದವಳಲ್ಲ. ಇಂದಿಗೂ ಆ ಸಂಕಟ ನನ್ನನ್ನು ಬಿಟ್ಟಿಲ್ಲ.

ನಮ್ಮಲ್ಲಿ ಸಾವಿನ ಮನೆಯವರು ಒಲೆ ಹಚ್ಚುವುದಿಲ್ಲ, ಬೀಗರು ನೆಂಟರು ಸರದಿಯಂತೆ ಬುತ್ತಿ ತರುತ್ತಾರೆ. ಮಣ್ಣು ಮಾಡಿ ಬಂದ ಮೇಲೆ ನಾರಾಯಣಖೇಡದ ನಾದಿನಿ, ಅತ್ತೆಯ ಒಬ್ಬಳೇ ಮಗಳು, ನನ್ನ ಪೆನ್ನು ತೆಗೆದುಕೊಂಡು ಅದೇ ಕ್ಯಾಲೆಂಡರಿನ ಮುಂದೆ ನಿಂತಳು. ಅತ್ತು ಅತ್ತು ಅವಳ ಕಣ್ಣು ಬಾತಿದ್ದವು. ಫೋನು ಹಚ್ಚಿ ಒಬ್ಬೊಬ್ಬರನ್ನೇ ಕೇಳಿ ಬರೆಯತೊಡಗಿದಳು: ಶನಿವಾರ ಮೊಗುಡಂಪಲ್ಲಿಯವರು, ರವಿವಾರ ತಾಂಡೂರಿನವರು. ಅಲ್ಲಿ ಅವಳ ಕೈ ನಿಂತಿತು.

“ವೈನಿ, ಇಲ್ಲಿ ಪುಂಡಿಪಲ್ಯ ಅಂತ ಬರದೀರಲ್ಲ?”

ಆ ದಿನ ಮನೆಯಲ್ಲಿ ಅದೇ ಆಗಬೇಕಿತ್ತು ಎಂದುಕೊಂಡು ಅವಳು ತಾಂಡೂರಿನ ನನ್ನ ಅಕ್ಕನಿಗೆ ಹೇಳಿಬಿಟ್ಟಳು: “ಪುಂಡಿಪಲ್ಯ ಮಾಡ್ಕೊಂಡು ಬರ್ರಿ. ನಮ್ಮವ್ವಗ ಭಾಳ ಸೇರ್ತಿತ್ತು.”

ರವಿವಾರ ಸಂಜೆ ಬಟ್ಟೆಯಲ್ಲಿ ಸುತ್ತಿದ ರೊಟ್ಟಿ ಇನ್ನೂ ಬಿಸಿಯಿತ್ತು. ಪಲ್ಯದ ಡಬ್ಬಿ ತೆರೆದೊಡನೆ ಹುಳಿ, ಬೆಳ್ಳುಳ್ಳಿಯ ಒಗ್ಗರಣೆ ಮನೆಯೆಲ್ಲ ಘಮ್ಮೆಂದಿತು. ಗಂಡ, ಮಗಳು, ನಾದಿನಿ, ಅಕ್ಕ, ಅವಳ ಮಕ್ಕಳು, ಎಲ್ಲರೂ ಸಾಲಾಗಿ ಕೂಡಿ ಕುಂತರು. ಅತ್ತೆ ಕೇಳಿದ್ದು ಇದನ್ನೇ. ಒಂದೂ ತಪ್ಪಿರಲಿಲ್ಲ.

ನಾನು ತುತ್ತು ಮುರಿದೆ, ಅದು ಬಾಯಿಯ ತನಕ ಬರಲಿಲ್ಲ. ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿ, ಅವರ ಮಂಚದ ಪಕ್ಕ ಇಟ್ಟು ಬಂದೆ.

“ಉಂಡ್ರೇನ್ರಿ ವೈನಿ?” ನಾದಿನಿ ಒಳಗಿನಿಂದ ಕೇಳಿದಳು.

“ಉಂಡೀನವ್ವ,” ಎಂದೆ.